ಡಿಸ್ಕಿನ ನಕ್ಷೆಯೂ ಅದರ ಹಳೆಯ ಪ್ರತಿಗಳೂ

ಹಿಂದೆ ಮೈಸೂರು ಸೀಮೆಯ ಗ್ರಾಮಗಳಲ್ಲಿ ಶಾನುಭೋಗನೆಂಬ ಲೆಕ್ಕಿಗನಿರುತ್ತಿದ್ದನು. ಯಾವ ಸರ್ವೆ ನಂಬರಿನ ಹೊಲ ಯಾರದು, ಅದರ ವಿಸ್ತೀರ್ಣವೆಷ್ಟು, ಅದಕ್ಕೆ ಸಲ್ಲತಕ್ಕ ಕಂದಾಯವೆಷ್ಟು ಎಂಬುದನ್ನೆಲ್ಲ ಬರೆದಿಡುವುದು ಅವನ ಕೆಲಸ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಸಿದ್ಧಪಡಿಸಿದ ಕಡತದ ಮೇಲೆ ಬಳಪದಿಂದ ಬರೆಯುವ ಪದ್ಧತಿಯೂ ನಮ್ಮ ನಾಡಿನಲ್ಲಿ ಬಹುಕಾಲ ಇದ್ದಿತು. ಬಳಪದ ಬರಹ ಒರಸಿದರೆ ಹೋಗುವಂಥದು. ಹೊಸ ಲೆಕ್ಕವನ್ನು ಬರೆಯಬೇಕಾದರೆ ಹಳೆಯದನ್ನು ಒರಸಲೇಬೇಕು. ಒರಸುವ ಮುನ್ನ ಅದರ ಪ್ರತಿಯನ್ನು ಬೇರೆಡೆ ತೆಗೆದಿಟ್ಟವನೇ ಜಾಣನಾದ ಲೆಕ್ಕಿಗ.

ಇಲ್ಲಿ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸಬೇಕು. ಹೊಲವು ಕಡತದೊಳಗೆ ಇಲ್ಲ. ಕಡತ ಸುಟ್ಟುಹೋದರೆ ಹೊಲವೇನೂ ಸುಟ್ಟುಹೋಗುವುದಿಲ್ಲ. ಮಣ್ಣು ಇದ್ದಲ್ಲಿಯೇ ಇರುತ್ತದೆ, ಬೆಳೆಯೂ ನಿಂತಿರುತ್ತದೆ. ಆದರೆ ಯಾವುದು ಎಲ್ಲಿಂದ ಎಲ್ಲಿಯವರೆಗೆ ಯಾರದು ಎಂದು ಖಚಿತವಾಗಿ ಹೇಳುವ ಆಧಾರವೇ ಇಲ್ಲದಂತಾಗುತ್ತದೆ. ವಸ್ತುವು ಬೇರೆ, ವಸ್ತುವನ್ನು ಕುರಿತ ವಿವರ ಬೇರೆ. ಈ ಎರಡನೆಯದಕ್ಕೆ ಕಂಪ್ಯೂಟರು ಬಲ್ಲವರು ಮೆಟಾಡೇಟಾ ಎಂದು ಹೆಸರಿಟ್ಟಿದ್ದಾರೆ. ಡಿಸ್ಕುಗಳ ಮೆಟಾಡೇಟಾಕ್ಕೆ ಪ್ರತಿಗಳನ್ನು ಹೇಗೆ ತೆಗೆಯುತ್ತಾರೆ, ಆ ಪ್ರತಿಗಳನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬುದೇ ಈ ಪಾಠದ ವಿಷಯ.

1. ಡಿಸ್ಕಿನ ಹಂಚಿಕೆ

ನಮ್ಮ ದ್ವಾರಕೆಯನ್ನೇ ನೋಡಿರಿ. ಹಿಂದೆ ಪಪ್ಪನ್ ಕಲಾಂ ಎಂದು ಕರೆಯುತ್ತಿದ್ದ ಈ ಪ್ರದೇಶವನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಸೆಕ್ಟರುಗಳಾಗಿ ವಿಂಗಡಿಸಿತು. ಸೆಕ್ಟರು, ಅದರೊಳಗೆ ಪ್ಲಾಟು ಅಥವಾ ಪಾಕೆಟ್ಟು, ಅದರೊಳಗೆ ಮನೆ ಎಂಬ ಕ್ರಮವಿರುವುದರಿಂದಲೇ ಅಂಚೆಯವನು ಕಾಗದವನ್ನು ನಮ್ಮ ಬಾಗಿಲಿಗೆ ತಂದು ಕೊಡುತ್ತಾನೆ. ಒಂದು ರಾತ್ರಿ ಎಲ್ಲ ಫಲಕಗಳನ್ನೂ ನಕ್ಷೆಗಳನ್ನೂ ಅಳಿಸಿಬಿಟ್ಟರೆ ಕಟ್ಟಡಗಳು ನಿಂತೇ ಇರುತ್ತವೆ, ಆದರೆ ಹೊಸಬನಿಗೆ ಒಂದು ಮನೆಯೂ ಸಿಕ್ಕುವುದಿಲ್ಲ.

ಕಂಪ್ಯೂಟರಿನ ಡಿಸ್ಕು ಸಹ ಇಂಥದೇ ಒಂದು ವಿಶಾಲವಾದ ಬಯಲು. ಹಳೆಯ ಕ್ರಮದಲ್ಲಿ ಈ ಬಯಲನ್ನು ಮೊದಲೇ ಬೇಲಿ ಹಾಕಿ ಭಾಗ ಮಾಡಿಬಿಡುತ್ತಿದ್ದರು. ಒಂದು ಭಾಗ ತುಂಬಿದರೆ ಪಕ್ಕದ ಭಾಗದಲ್ಲಿ ಜಾಗವಿದ್ದರೂ ಅದನ್ನು ಸುಲಭವಾಗಿ ಬಳಸಿಕೊಳ್ಳುವಂತಿರಲಿಲ್ಲ. ಈ ತೊಡಕನ್ನು ನಿವಾರಿಸಲು ಹುಟ್ಟಿದುದೇ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್, ಸಂಕ್ಷೇಪವಾಗಿ ಎಲ್‌ವಿಎಂ. ಲಿನಕ್ಸ್ ವ್ಯವಸ್ಥೆಗಾಗಿ ಇದನ್ನು ಮೊದಲು ರಚಿಸಿದವರು ಹೈಂಟ್ಸ್ ಮಾವೆಲ್ಸ್‌ಹಾಗೆನ್ ಎಂಬವರು, 1998ರಲ್ಲಿ. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಯೂನಿಕ್ಸಿನಲ್ಲಿದ್ದ ವ್ಯವಸ್ಥೆಯು ಅವರಿಗೆ ಮಾದರಿಯಾಗಿದ್ದಿತು.

ಈ ಕ್ರಮದಲ್ಲಿ ಮೂರು ಮೆಟ್ಟಿಲುಗಳುಂಟು. ಮೊದಲನೆಯದು ಫಿಸಿಕಲ್ ವಾಲ್ಯೂಮು, ಎಂದರೆ ನಿಜವಾದ ಡಿಸ್ಕು ಅಥವಾ ಅದರ ಒಂದು ಭಾಗ. ಇಂಥ ಹಲವನ್ನು ಒಟ್ಟುಗೂಡಿಸಿದರೆ ವಾಲ್ಯೂಮ್ ಗ್ರೂಪು. ಆ ಒಟ್ಟು ರಾಶಿಯಿಂದ ಬೇಕಾದಷ್ಟನ್ನು ಅಳೆದು ತೆಗೆದರೆ ಅದು ಲಾಜಿಕಲ್ ವಾಲ್ಯೂಮು. ಅಳೆಯುವ ಕೊಳಗಕ್ಕೆ ಎಕ್ಸ್‌ಟೆಂಟ್ ಎಂದು ಹೆಸರು. ಬೇರೆ ಹೇಳದಿದ್ದರೆ ಅದರ ಅಳತೆ 4 ಮೆಗಾಬೈಟು. 1024 ಮೆಗಾಬೈಟಿಗೆ ಒಂದು ಗಿಗಾಬೈಟೆಂದು ಲೆಕ್ಕ ಹಿಡಿದರೆ, ಒಂದು ಗಿಗಾಬೈಟಿಗೆ 256 ಕೊಳಗ. 500 ಗಿಗಾಬೈಟಿನ ಡಿಸ್ಕಿಗೆ ಸುಮಾರು 1,28,000 ಕೊಳಗ.

ಒಂದು ಶಾಲೆಯಲ್ಲಿ ಇಂಥ ಎರಡು ಡಿಸ್ಕುಗಳಿವೆಯೆಂದೂ, ಅವುಗಳಿಂದಾದ ಗ್ರೂಪಿಗೆ ‘ಶಾಲೆ’ ಎಂದು ಹೆಸರಿಟ್ಟಿರುವರೆಂದೂ ಭಾವಿಸೋಣ. ಅದರಲ್ಲಿ ‘ಚಿತ್ರ’ ಎಂಬ 600 ಗಿಗಾಬೈಟಿನ ಒಂದು ವಾಲ್ಯೂಮೂ, ‘ಅಂಕಪಟ್ಟಿ’ ಎಂಬ ಚಿಕ್ಕದೊಂದು ವಾಲ್ಯೂಮೂ ಇವೆ. 600 ಗಿಗಾಬೈಟು ಒಂದು ಡಿಸ್ಕಿನಲ್ಲಿ ಹಿಡಿಯಲಾರದು. ಆದುದರಿಂದ ‘ಚಿತ್ರ’ದ 1,53,600 ಕೊಳಗಗಳಲ್ಲಿ ಕೆಲವು ಮೊದಲನೆಯ ಡಿಸ್ಕಿನಲ್ಲಿಯೂ ಉಳಿದವು ಎರಡನೆಯದರಲ್ಲಿಯೂ ಇರುತ್ತವೆ. ಯಾವ ಕೊಳಗ ಎಲ್ಲಿದೆ ಎಂಬುದನ್ನು ಹೇಳುವ ಕಡತವೇ ಈ ಗ್ರೂಪಿನ ಮೆಟಾಡೇಟಾ. ಅದು ಹೋದರೆ ಮಕ್ಕಳ ಚಿತ್ರಗಳು ಡಿಸ್ಕಿನ ಮೇಲೆ ಇದ್ದೂ ಇಲ್ಲದಂತೆ.

2. ಪ್ರತಿಗಳು ಎರಡು ಬಗೆ

ಈ ಕಡತವು ನಿಗೂಢವಾದ ಸಂಕೇತಗಳಲ್ಲಿ ಇರುವುದಿಲ್ಲ. ಮನುಷ್ಯನು ಓದಬಹುದಾದ ಅಕ್ಷರಗಳಲ್ಲಿಯೇ ಇರುತ್ತದೆ. ಗ್ರೂಪಿನ ಹೆಸರು, ಪ್ರತಿಯೊಂದು ಡಿಸ್ಕಿನ ಗುರುತುಸಂಖ್ಯೆ, ಪ್ರತಿಯೊಂದು ವಾಲ್ಯೂಮಿನ ಕೊಳಗಗಳ ಪಟ್ಟಿ, ಕಡತವು ಎಷ್ಟನೆಯ ಬಾರಿ ತಿದ್ದಲ್ಪಟ್ಟಿದೆ ಎಂಬ ಕ್ರಮಸಂಖ್ಯೆ, ಇವೆಲ್ಲ ಅದರಲ್ಲಿರುತ್ತವೆ. ಸಾಮಾನ್ಯವಾಗಿ ಗ್ರೂಪಿನ ಪ್ರತಿಯೊಂದು ಡಿಸ್ಕಿನ ಆರಂಭದಲ್ಲಿಯೂ ಇದರ ಒಂದೊಂದು ಪ್ರತಿಯಿರುವುದು. ಇಷ್ಟೇ ಸಾಲದೆಂದು ಎಲ್‌ವಿಎಂ ಇನ್ನೂ ಎರಡು ಬಗೆಯ ಪ್ರತಿಗಳನ್ನು ತಾನಾಗಿಯೇ ಬರೆದಿಡುತ್ತದೆ.

ಮೊದಲನೆಯದು ಬ್ಯಾಕಪ್. ಗ್ರೂಪಿನಲ್ಲಿ ಯಾವುದೇ ಮಾರ್ಪಾಟು ಮುಗಿದ ಮೇಲಿನ ಸ್ಥಿತಿ ಇದರಲ್ಲಿರುತ್ತದೆ. ಒಂದು ಗ್ರೂಪಿಗೆ ಒಂದೇ ಬ್ಯಾಕಪ್. ಹೊಸದು ಬಂದಾಗ ಹಳೆಯದರ ಜಾಗವನ್ನು ಅದೇ ಆಕ್ರಮಿಸುತ್ತದೆ. ಎರಡನೆಯದು ಆರ್ಕೈವ್. ಮಾರ್ಪಾಟು ಮಾಡುವ ಮುನ್ನ ಇದ್ದ ಸ್ಥಿತಿ ಇದರಲ್ಲಿರುತ್ತದೆ. ಪ್ರತಿ ಮಾರ್ಪಾಟಿಗೂ ಒಂದು ಹೊಸ ಆರ್ಕೈವ್ ಹುಟ್ಟುತ್ತದೆ, ಅದಕ್ಕೊಂದು ಸಂಖ್ಯೆಯೂ ಬೀಳುತ್ತದೆ. ಯಾವ ಆಜ್ಞೆಯನ್ನು ನಡೆಸುವ ಮುನ್ನ ಇದನ್ನು ಬರೆಯಲಾಯಿತು, ಯಾವ ಯಂತ್ರದಲ್ಲಿ, ಯಾವ ವೇಳೆಯಲ್ಲಿ ಎಂಬುದು ಸಹ ಅದರ ಶಿರೋಭಾಗದಲ್ಲಿ ನಮೂದಾಗಿರುತ್ತದೆ. ಲಿನಕ್ಸಿನಲ್ಲಿ ‘ಇಟಿಸಿ’ ಎಂಬ ಕೋಶದೊಳಗಿನ ‘ಎಲ್‌ವಿಎಂ’ ಎಂಬ ಕೋಶದಲ್ಲಿ ಇವೆರಡಕ್ಕೂ ಬೇರೆ ಬೇರೆ ಗೂಡುಗಳುಂಟು.

ಇವೆರಡರ ಭೇದವೇನೆಂಬುದನ್ನು ಹೀಗೆ ನೆನಪಿಡಬಹುದು. ಡಿಸ್ಕಿನ ಆರಂಭಭಾಗ ಕೆಟ್ಟು ಮೆಟಾಡೇಟಾ ಹಾಳಾದರೆ ನಮಗೆ ಬೇಕಾದುದು ಈಚಿನ ಸ್ಥಿತಿ; ಆಗ ಬ್ಯಾಕಪ್ ಉಪಯೋಗಕ್ಕೆ ಬರುತ್ತದೆ. ಆದರೆ ಯಂತ್ರವೇನೂ ಕೆಡದೆ, ಮನುಷ್ಯನೇ ತಪ್ಪಿ ಒಂದು ವಾಲ್ಯೂಮನ್ನು ಅಳಿಸಿಬಿಟ್ಟರೆ, ಈಚಿನ ಸ್ಥಿತಿಯಲ್ಲಿ ಆ ವಾಲ್ಯೂಮಿನ ಹೆಸರೇ ಇರುವುದಿಲ್ಲ. ಆಗ ತಪ್ಪಿಗೆ ಮುಂಚಿನ ಸ್ಥಿತಿ ಬೇಕು. ಅದು ಆರ್ಕೈವಿನಲ್ಲಿ ಮಾತ್ರ ದೊರೆಯುವುದು.

3. ಎಷ್ಟು ಉಳಿಯಬೇಕು? ಎರಡು ಸಂಖ್ಯೆಗಳು

ಆರ್ಕೈವುಗಳು ಹೀಗೆ ಹುಟ್ಟುತ್ತಲೇ ಹೋದರೆ ಗೂಡು ತುಂಬಿಹೋಗುವುದಷ್ಟೆ. ಆದುದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಕಳೆಯಬೇಕು ಎಂಬುದಕ್ಕೆ ‘ಎಲ್‌ವಿಎಂ ಡಾಟ್ ಕಾನ್ಫ್’ ಎಂಬ ನಿಯಮಪತ್ರದಲ್ಲಿ ಎರಡು ಸಂಖ್ಯೆಗಳನ್ನು ಕೊಟ್ಟಿದ್ದಾರೆ. ‘ರಿಟೇನ್ ಮಿನ್’ ಎಂದರೆ ಕನಿಷ್ಠಪಕ್ಷ ಉಳಿಯಬೇಕಾದ ಪ್ರತಿಗಳ ಸಂಖ್ಯೆ. ‘ರಿಟೇನ್ ಡೇಸ್’ ಎಂದರೆ ಕನಿಷ್ಠಪಕ್ಷ ಉಳಿಸಬೇಕಾದ ದಿನಗಳ ಸಂಖ್ಯೆ. ನಾವು ಬದಲಾಯಿಸದಿದ್ದರೆ ಮೊದಲನೆಯದು 10, ಎರಡನೆಯದು 30.

ಇವೆರಡೂ ಕೂಡಿ ನಡೆಯುವ ಬಗೆಯನ್ನು ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. 30 ದಿನ ತುಂಬಿದ ಕೂಡಲೆ ಪ್ರತಿಯು ಹೋಗಿಬಿಡುತ್ತದೆ ಎಂದು ಕೆಲವರು, 10ಕ್ಕಿಂತ ಹೆಚ್ಚಾದ ಕೂಡಲೆ ಹೋಗುತ್ತದೆ ಎಂದು ಮತ್ತೆ ಕೆಲವರು ತಿಳಿಯುವುದುಂಟು. ಎರಡೂ ಸರಿಯಲ್ಲ. ಒಂದು ಪ್ರತಿ ಅಳಿಯಬೇಕಾದರೆ ಎರಡು ಷರತ್ತುಗಳೂ ಒಟ್ಟಿಗೆ ಪೂರ್ಣವಾಗಬೇಕು: ಅದು 30 ದಿನಕ್ಕಿಂತ ಹಳೆಯದಾಗಿರಬೇಕು, ಮತ್ತು ಆ ಗ್ರೂಪಿಗೆ 10ಕ್ಕಿಂತ ಹೆಚ್ಚು ಪ್ರತಿಗಳಿರಬೇಕು. ಅಳಿಸುವಾಗ ಎಲ್ಲಕ್ಕಿಂತ ಹಳೆಯದು ಮೊದಲು. ಇನ್ನೊಂದು ಮಾತು: ಈ ಶೋಧನೆ ನಡೆಯುವುದು ಆ ಗ್ರೂಪಿಗೆ ಹೊಸ ಆರ್ಕೈವನ್ನು ಬರೆಯುವ ಸಮಯದಲ್ಲಿ. ಯಾವ ಮಾರ್ಪಾಟೂ ಇಲ್ಲದೆ ಗ್ರೂಪು ಸುಮ್ಮನಿದ್ದರೆ ಹಳೆಯ ಪ್ರತಿಗಳೂ ಸುಮ್ಮನೆ ಕುಳಿತಿರುತ್ತವೆ.

ಈಗ ಲೆಕ್ಕ ಮಾಡಿ ನೋಡೋಣ.

ಮೊದಲನೆಯ ಉದಾಹರಣೆ: ವರ್ಷಕ್ಕೆ ಮೂರು ಬಾರಿ ಮಾತ್ರ ಮಾರ್ಪಾಟಾಗುವ ಗ್ರೂಪು. ಇಲ್ಲಿ 30 ದಿನ ಬೇಗನೆ ಕಳೆಯುತ್ತದೆ, ಆದರೆ 10 ಪ್ರತಿಗಳ ನಿಯಮ ಕಾಪಾಡುತ್ತದೆ. ವರ್ಷಕ್ಕೆ ಮೂರರಂತೆ 10 ಪ್ರತಿಗಳೆಂದರೆ ಮೂರು ವರ್ಷಕ್ಕೂ ಮಿಕ್ಕ ಇತಿಹಾಸ.

ಎರಡನೆಯ ಉದಾಹರಣೆ: ಪ್ರತಿ ಗಂಟೆಗೊಮ್ಮೆ ಸ್ನ್ಯಾಪ್‌ಷಾಟ್ ತೆಗೆದು ಹಿಂದಿನದನ್ನು ಅಳಿಸುವ ಯಂತ್ರ. ಸ್ನ್ಯಾಪ್‌ಷಾಟ್ ಎಂದರೆ ವಾಲ್ಯೂಮಿನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಇನ್ನೊಂದು ವಾಲ್ಯೂಮು. ತೆಗೆಯುವುದೊಂದು ಮಾರ್ಪಾಟು, ಅಳಿಸುವುದೊಂದು, ದಿನಕ್ಕೆ 48. ತಿಂಗಳಿಗೆ 48 ಗುಣಿಸು 30, ಎಂದರೆ 1,440 ಪ್ರತಿಗಳು. ಇಲ್ಲಿ 10ರ ನಿಯಮಕ್ಕೆ ಕೆಲಸವೇ ಇಲ್ಲ. ದಿನಗಳ ನಿಯಮವೇ ಎಲ್ಲವನ್ನೂ ನಿರ್ಧರಿಸುತ್ತದೆ. ಪ್ರತಿಗಳು ಸಾವಿರಗಟ್ಟಲೆ ಬೆಳೆದಲ್ಲಿ ಗೂಡನ್ನು ಶೋಧಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ದಿನಗಳನ್ನು 7ಕ್ಕೆ ಇಳಿಸಿದರೆ 336 ಪ್ರತಿಗಳಾಗುವುವು.

ಮೂರನೆಯ ಉದಾಹರಣೆ: ಅದೇ ಯಂತ್ರದಲ್ಲಿ ಜಾಗ ಉಳಿಸುವ ಆತುರದಿಂದ ದಿನಗಳನ್ನು 0 ಮಾಡಿದರೆಂದು ತಿಳಿಯಿರಿ. ಆಗ ಉಳಿಯುವುದು 10 ಪ್ರತಿ ಮಾತ್ರ. ಗಂಟೆಗೆ ಎರಡರಂತೆ ಐದು ಗಂಟೆಗಳ ಇತಿಹಾಸ. ಶುಕ್ರವಾರ ಸಂಜೆ ನಡೆದ ತಪ್ಪು ಸೋಮವಾರ ಬೆಳಿಗ್ಗೆ ಕಣ್ಣಿಗೆ ಬಿದ್ದರೆ, ಅದಕ್ಕೆ ಮುಂಚಿನ ನಕ್ಷೆ ಎಂದೋ ಅಳಿದುಹೋಗಿರುತ್ತದೆ.

ಇದರಿಂದ ತಿಳಿಯುವುದೇನು? ಎಷ್ಟು ಜಾಗವಿದೆ ಎಂಬುದು ಮೊದಲನೆಯ ಪ್ರಶ್ನೆಯಲ್ಲ. ತಪ್ಪು ನಡೆದ ದಿನಕ್ಕೂ ಅದು ನಮ್ಮ ಗಮನಕ್ಕೆ ಬರುವ ದಿನಕ್ಕೂ ನಡುವೆ ಎಷ್ಟು ಅಂತರವಿರಬಹುದು ಎಂಬುದೇ ಮೊದಲನೆಯ ಪ್ರಶ್ನೆ.

4. ಬೇಸಗೆಯ ರಜೆಯ ಲೆಕ್ಕ

ಈ ಪ್ರಶ್ನೆಯನ್ನು ನಮ್ಮ ‘ಶಾಲೆ’ ಗ್ರೂಪಿಗೆ ಅನ್ವಯಿಸೋಣ. ದೆಹಲಿಯ ಶಾಲೆಗಳಿಗೆ ಸಾಮಾನ್ಯವಾಗಿ ಮೇ ತಿಂಗಳ ಮಧ್ಯದಿಂದ ಜೂನ್ ಕೊನೆಯವರೆಗೆ ಬಿಸಿಲಿನ ರಜೆ. ಸುಮಾರು 45 ದಿನವೆಂದು ಹಿಡಿಯಿರಿ. ರಜೆಯಲ್ಲಿ ಬಾಗಿಲು ಮುಚ್ಚಿದ್ದರೂ ಯಂತ್ರವು ಪ್ರತಿ ರಾತ್ರಿ ಒಂದು ಸ್ನ್ಯಾಪ್‌ಷಾಟ್ ತೆಗೆದು ಹಳೆಯದನ್ನು ಅಳಿಸುತ್ತಿರುತ್ತದೆ. ದಿನಕ್ಕೆ ಎರಡು ಮಾರ್ಪಾಟು. ರಜೆಗೆ ಮುಂಚಿನ ದಿನ ಯಾರೋ ಒಬ್ಬರು ಜಾಗ ತೆರವು ಮಾಡಲು ಹೋಗಿ ‘ಅಂಕಪಟ್ಟಿ’ ವಾಲ್ಯೂಮನ್ನೇ ಅಳಿಸಿದರೆಂದು ಊಹಿಸಿರಿ. ಹಳೆಯ ಅಂಕಪಟ್ಟಿಯನ್ನು ದಿನವೂ ಯಾರು ತೆರೆಯುತ್ತಾರೆ? ಜುಲೈ ತಿಂಗಳಲ್ಲಿ ಒಬ್ಬ ತಂದೆಗೆ ಬೇರೆ ಊರಿಗೆ ವರ್ಗವಾಗಿ, ಅವರು ಮಗಳ ವರ್ಗಾವಣೆ ಪತ್ರಕ್ಕೂ ಅಂಕಗಳಿಗೂ ಬಂದು ನಿಂತಾಗಲೇ ಸಂಗತಿ ಬಯಲಾಗುವುದು. ಅಷ್ಟರಲ್ಲಿ 30 ದಿನಗಳು ಕಳೆದು, ಎರಡೆರಡರಂತೆ ಹುಟ್ಟಿದ ಹೊಸ ಪ್ರತಿಗಳು 10ನ್ನು ಎಂದೋ ದಾಟಿ, ಬೇಕಾಗಿದ್ದ ಒಂದು ಪ್ರತಿ ನಿಯಮಾನುಸಾರವಾಗಿಯೇ ಅಳಿದುಹೋಗಿರುತ್ತದೆ. ಯಂತ್ರವು ಯಾವ ತಪ್ಪನ್ನೂ ಮಾಡಲಿಲ್ಲ. ಸಂಖ್ಯೆಯನ್ನು ಆರಿಸಿದವರು ರಜೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ.

ದಿನಗಳನ್ನು 90 ಮಾಡಿದ್ದರೆ ಏನಾಗುತ್ತಿದ್ದಿತು? ದಿನಕ್ಕೆ ಎರಡರಂತೆ 180 ಪ್ರತಿಗಳು. ಒಂದೊಂದು ಪ್ರತಿಯಲ್ಲಿ 5,000 ಅಕ್ಷರವಿದ್ದರೂ ಒಟ್ಟು 9 ಲಕ್ಷ ಅಕ್ಷರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಛಾಯಾಚಿತ್ರಕ್ಕೆ ಬೇಕಾಗುವಷ್ಟೂ ಜಾಗವಲ್ಲ. ಇಷ್ಟು ಅಲ್ಪವಾದ ಜಾಗದ ಆಸೆಗೆ ಅಂಕಪಟ್ಟಿಯ ನಕ್ಷೆಯನ್ನು ಕಳೆದುಕೊಳ್ಳುವುದು ಯಾವ ಜಾಣತನ? ಊರು ಬಿಟ್ಟು ಬಂದು ಇಲ್ಲಿ ನೆಲೆಸಿರುವ ನಮಗೆ ಈ ಕಾಗದಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮನ್ನು ಬಲ್ಲ ನೆರೆಹೊರೆಯವರು ದೂರದಲ್ಲಿದ್ದಾರೆ. ಹೊಸ ಊರಿನ ಕಚೇರಿ ಕೇಳುವುದು ದಾಖಲೆಯನ್ನು.

ಇಂಥ ಲೆಕ್ಕಾಚಾರ ಕಂಪ್ಯೂಟರಿಗೆ ಮಾತ್ರ ಸೇರಿದುದಲ್ಲ. ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ಅಭಿಲೇಖಾಗಾರವು 1891ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಸಂಸ್ಥೆ. ಸರ್ಕಾರದ ದಾಖಲೆಗಳನ್ನು ಯಾರು ಎಷ್ಟು ಕಾಲ ಉಳಿಸಬೇಕೆಂಬುದಕ್ಕೆ 1993ರಲ್ಲಿ ಸಾರ್ವಜನಿಕ ದಾಖಲೆಗಳ ಕಾಯಿದೆಯೇ ಆಯಿತು. 1892ಕ್ಕೆ ಮುಂಚಿನ ದಾಖಲೆಯನ್ನು, ಅದು ಉಪಯೋಗಕ್ಕೆ ಬಾರದಷ್ಟು ಶಿಥಿಲವಾಗಿದ್ದ ಹೊರತು, ನಾಶಪಡಿಸಕೂಡದೆಂದು ಆ ಕಾಯಿದೆ ವಿಧಿಸುತ್ತದೆ. ಕೆಲವನ್ನು ಕೆಲವು ವರ್ಷ, ಕೆಲವನ್ನು ಎಂದೆಂದಿಗೂ ಇಡಬೇಕೆಂಬ ವಿವೇಕ ಎರಡು ಕಡೆಯೂ ಒಂದೇ.

5. ಹಿಂದಕ್ಕೆ ತರುವ ಕ್ರಮ

ಅಳಿಸಿದ ವಾಲ್ಯೂಮನ್ನು ಮರಳಿ ಪಡೆಯಲು ‘ವಿಜಿ ಸಿಎಫ್‌ಜಿ ರಿಸ್ಟೋರ್’ ಎಂಬ ಆಜ್ಞೆಯಿದೆ. ಕಂಪ್ಯೂಟರಿಗೆ ಇದನ್ನು ರೋಮನ್ ಲಿಪಿಯಲ್ಲಿ ಒಂದೇ ಪದವಾಗಿ ಬರೆಯತಕ್ಕದ್ದು. ಕ್ರಮ ಹೀಗಿದೆ:

ಮೊದಲು, ಆ ಗ್ರೂಪಿನ ಮೇಲಿನ ಬೇರೆಲ್ಲ ಕೆಲಸವನ್ನೂ, ರಾತ್ರಿಯ ಸ್ನ್ಯಾಪ್‌ಷಾಟುಗಳನ್ನೂ ನಿಲ್ಲಿಸಬೇಕು. ಎರಡನೆಯದಾಗಿ, ಇರುವ ಪ್ರತಿಗಳ ಪಟ್ಟಿಯನ್ನು ತೆಗೆದು, ಅಳಿಸುವ ಆಜ್ಞೆಗೆ ಮುನ್ನ ಬರೆದುದೆಂದು ಶಿರೋಭಾಗದಲ್ಲಿ ನಮೂದಾಗಿರುವ ಪ್ರತಿಯನ್ನು ಹುಡುಕಬೇಕು. ಮೂರನೆಯದಾಗಿ, ಆ ಪ್ರತಿಯನ್ನು ತೆರೆದು ಕಣ್ಣಾರೆ ಓದಬೇಕು. ನಾಲ್ಕನೆಯದಾಗಿ, ನಿಜವಾಗಿ ಬರೆಯದೆ ಪರೀಕ್ಷಿಸುವ ‘ಟೆಸ್ಟ್’ ಎಂಬ ಆಯ್ಕೆಯೊಡನೆ ಆಜ್ಞೆಯನ್ನು ನಡೆಸಿ ನೋಡಬೇಕು. ಆಮೇಲೆ, ವಾಲ್ಯೂಮುಗಳನ್ನು ನಿಷ್ಕ್ರಿಯಗೊಳಿಸಿ ನಕ್ಷೆಯನ್ನು ಹಿಂದಿಡಬೇಕು. ಕೊನೆಗೆ, ಮರಳಿ ಬಂದ ವಾಲ್ಯೂಮನ್ನು ಮೊದಲು ಓದುವುದಕ್ಕೆ ಮಾತ್ರ ತೆರೆದು ಪರಿಶೀಲಿಸಬೇಕು.

ಇದರ ಮಿತಿಗಳನ್ನೂ ತಿಳಿದಿರಬೇಕು. ಹಳೆಯ ಪ್ರತಿಯನ್ನು ಹಾಗೆಯೇ ಹಿಂದಿಟ್ಟರೆ ಅದರ ನಂತರ ಗ್ರೂಪಿನಲ್ಲಿ ಆದ ಮಾರ್ಪಾಟುಗಳೆಲ್ಲ ನಕ್ಷೆಯಿಂದ ಹೋಗುತ್ತವೆ; ಆದುದರಿಂದ ಕಾಲ ಕಳೆದಷ್ಟೂ ಎಚ್ಚರಿಕೆ ಹೆಚ್ಚಬೇಕು. ತೆರವಾದ ಕೊಳಗಗಳಲ್ಲಿ ಬೇರೆ ವಾಲ್ಯೂಮು ಬಂದು ಬರೆದಿದ್ದರೆ ನಕ್ಷೆ ಮರಳಿದರೂ ಮಾಹಿತಿ ಮರಳದು. ಹೊಲದ ಮೇಲೆ ಕಟ್ಟಡ ಎದ್ದ ಮೇಲೆ ಹಳೆಯ ಪಹಣಿ ಸಿಕ್ಕಿದಂತೆ. ಹಾಗಿದ್ದರೂ ಎಷ್ಟು ಕೊಳಗ ಉಳಿದಿದೆ, ಎಷ್ಟು ಹೋಗಿದೆ ಎಂದು ತಿಳಿಯಲು ಆ ಹಳೆಯ ಪಟ್ಟಿಯೇ ಆಧಾರ. ಅಳಿಸಿದ ಜಾಗವನ್ನು ಡಿಸ್ಕಿಗೆ ಆ ಕೂಡಲೆ ಬಿಟ್ಟುಕೊಡುವ ‘ಡಿಸ್ಕಾರ್ಡ್’ ಆಯ್ಕೆ ಚಾಲ್ತಿಯಲ್ಲಿದ್ದಲ್ಲಿಯೂ ಮಾಹಿತಿ ದೊರೆಯುವ ಆಸೆ ಕಡಿಮೆ. ‘ಥಿನ್ ಪೂಲ್’ ಎಂಬ ಬಗೆಯ ವಾಲ್ಯೂಮುಗಳಿಗೆ ತಮ್ಮದೇ ಒಳಕಡತವಿರುವುದರಿಂದ, ಅಲ್ಲಿ ಹೊರಗಿನ ನಕ್ಷೆಯನ್ನು ಮಾತ್ರ ಹಿಂದಿಡುವುದು ಅಪಾಯಕರ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಆರ್ಕೈವಿನ ಗೂಡು ಅದೇ ಗ್ರೂಪಿನ ವಾಲ್ಯೂಮಿನಲ್ಲಿಯೇ ಇದ್ದರೆ, ಗ್ರೂಪು ಕೆಟ್ಟ ದಿನ ಗೂಡೂ ತೆರೆಯುವುದಿಲ್ಲ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಯಿತು. ಆದುದರಿಂದ ಈ ಪ್ರತಿಗಳನ್ನು ಆಗಾಗ ಬೇರೊಂದು ಯಂತ್ರಕ್ಕೆ ಸಾಗಿಸುತ್ತಿರಬೇಕು. ನಕ್ಷೆಯ ಪ್ರತಿಯಿದೆ ಎಂದು ಮಾಹಿತಿಯ ಪ್ರತಿಯನ್ನು ಬಿಡಲೂ ಕೂಡದು. ಇವೆರಡೂ ಬೇರೆ ಬೇರೆ ಕೆಲಸಗಳು.

6. ಪರೀಕ್ಷಿಸದ ಪ್ರತಿ

2017ನೆಯ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ಒಬ್ಬ ತಂತ್ರಜ್ಞರು ಒಂದು ಸರ್ವರೆಂದು ತಿಳಿದು ಮತ್ತೊಂದರಲ್ಲಿ ಅಳಿಸುವ ಆಜ್ಞೆಯನ್ನು ನಡೆಸಿದರು. ಸುಮಾರು 300 ಗಿಗಾಬೈಟಿನ ಮಾಹಿತಿ ಹೋಯಿತು. ಪ್ರತಿಗಳನ್ನು ಕಾಪಾಡಲು ಅವರಲ್ಲಿ ಐದು ಉಪಾಯಗಳಿದ್ದವು. ಸಮಯ ಬಂದಾಗ ಯಾವುದೂ ನಿರೀಕ್ಷಿಸಿದಂತೆ ಕೈಗೆ ಬರಲಿಲ್ಲ. ಅವರನ್ನು ಉಳಿಸಿದುದು ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಷಾಟ್. ಆ ಆರು ಗಂಟೆಗಳ ಮಾಹಿತಿ ಮಾತ್ರ ಶಾಶ್ವತವಾಗಿ ಹೋಯಿತು. ಸಂಸ್ಥೆಯು ಇದನ್ನೆಲ್ಲ ಮುಚ್ಚಿಡದೆ ಲೋಕಕ್ಕೆ ತಿಳಿಸಿತು.

ಪ್ರತಿಯನ್ನು ತೆಗೆದಿಡುವುದು ಅರ್ಧ ಕೆಲಸ. ಅದರಿಂದ ಮರಳಿ ಪಡೆಯಲಾಗುವುದೇ ಎಂದು ಶಾಂತಿಕಾಲದಲ್ಲಿ ನೋಡುವುದು ಉಳಿದ ಅರ್ಧ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸಕ್ಕೆ ಹೊರಟರೆ ಆಗುವುದಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೂ ಇಲ್ಲ. ಅಭ್ಯಾಸ ಮಾಡಬಯಸುವವರು ಮನೆಯ ಅಥವಾ ಶಾಲೆಯ ಯಂತ್ರವನ್ನು ಮುಟ್ಟದೆ, ಹಿರಿಯರ ಸಹಾಯದಿಂದ ಬೇರೊಂದು ಅಭ್ಯಾಸದ ಯಂತ್ರದಲ್ಲಿ ಚಿಕ್ಕ ಗ್ರೂಪೊಂದನ್ನು ಕಟ್ಟಿ, ವಾಲ್ಯೂಮನ್ನು ಬೇಕೆಂದೇ ಅಳಿಸಿ, ಮರಳಿ ತಂದು ನೋಡಬಹುದು.

ಅಭ್ಯಾಸ

1. ಬ್ಯಾಕಪ್ಪಿಗೂ ಆರ್ಕೈವಿಗೂ ಇರುವ ಭೇದವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

2. ‘ರಿಟೇನ್ ಮಿನ್’ 10, ‘ರಿಟೇನ್ ಡೇಸ್’ 30 ಆಗಿರುವ ಒಂದು ಗ್ರೂಪಿನಲ್ಲಿ 8 ಪ್ರತಿಗಳಿವೆ. ಎಲ್ಲವೂ ಒಂದು ವರ್ಷಕ್ಕಿಂತ ಹಳೆಯವು. ಇಂದು ಒಂದು ಮಾರ್ಪಾಟು ಮಾಡಿದರೆ ಎಷ್ಟು ಪ್ರತಿಗಳು ಅಳಿಯುವುವು? ಕಾರಣ ಕೊಡಿರಿ.

3. ದಿನಕ್ಕೆ ಆರು ಮಾರ್ಪಾಟುಗಳಾಗುವ ಗ್ರೂಪಿನಲ್ಲಿ 60 ದಿನಗಳ ಪ್ರತಿಗಳನ್ನು ಉಳಿಸಿದರೆ ಒಟ್ಟು ಎಷ್ಟಾಗುವುವು? ಒಂದೊಂದಕ್ಕೆ 5,000 ಅಕ್ಷರಗಳಂತೆ ಜಾಗವನ್ನು ಲೆಕ್ಕ ಹಾಕಿರಿ.

4. ನಿಮ್ಮ ಮನೆಯಲ್ಲಿರುವ ಕಾಗದಪತ್ರಗಳನ್ನು ತಂದೆತಾಯಿಗಳೊಡನೆ ಕುಳಿತು ಮೂರು ಪಟ್ಟಿ ಮಾಡಿರಿ: ಒಂದು ವರ್ಷ ಇಡತಕ್ಕವು, ಹತ್ತು ವರ್ಷ ಇಡತಕ್ಕವು, ಎಂದೆಂದಿಗೂ ಇಡತಕ್ಕವು. ಮೂರನೆಯ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಇನ್ನೊಂದು ಪ್ರತಿ ಬೇರೆ ಸ್ಥಳದಲ್ಲಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಈ ವಾರದಲ್ಲಿಯೇ ಮಾಡಿಸಿಡಿರಿ.